ಕರಿ ಫೋನು, ನೀಲಿ ಫೋನು ಮತ್ತು ಪೆದ್ದಮ್ಮನ ಸೀರೆ

ನನ್ನ ಹಳೆಯ ಫೋನಿನ ಬ್ಯಾಟರಿ ಪೂರಿಯಂತೆ ಉಬ್ಬಿ ಹಿಂದಿನ ಮುಚ್ಚಳ ಬಾಯಿಬಿಟ್ಟಾಗ ನಾನು ಮನೆಯವರನ್ನು ಕೇಳಿದ್ದು ಒಂದೇ ಒಂದು ಫೋನು. ಮನೆಗೆ ಬಂದದ್ದು ಎರಡು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಚಳ್ಳಕೆರೆಯಲ್ಲಿ ನಮ್ಮ ಮನೆಯವರದು ಶೇಂಗಾ ಮಂಡಿ. ನನ್ನ ತವರು ಮೊಳಕಾಲ್ಮುರು. ಅಲ್ಲಿ ನನ್ನ ತಮ್ಮ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಈ ಬಾವ-ಬಾಮೈದ ಇಬ್ಬರೂ ನನ್ನ ಮದುವೆಯಾದ ದಿನದಿಂದ ಒಂದು ವಿಷಯದಲ್ಲಾದರೂ ಒಪ್ಪಿದ್ದನ್ನು ನಾನು ಕಂಡಿಲ್ಲ. ಇವರು ಕೊಂಡ ಬೈಕು ಅವನಿಗೆ ಡಬ್ಬಾ, ಅವನು ಕೊಂಡ ಮಿಕ್ಸಿ ಇವರಿಗೆ ಡಬ್ಬಾ. ಜಗಳವೇನಲ್ಲ, ಪ್ರೀತಿಯೇ. ಆದರೆ ಆ ಪ್ರೀತಿಯ ಮಧ್ಯೆ ಸಿಕ್ಕಿಹಾಕಿಕೊಂಡು ನುಗ್ಗಾಗುವವಳು ನಾನು.

ಇವರು ಪೇಟೆಯಿಂದ ಕರಿ ಬಣ್ಣದ ಫೋನು ತಂದು ಮೇಜಿನ ಮೇಲಿಟ್ಟ ದಿನವೇ ಸಂಜೆ ತಮ್ಮ ನೀಲಿ ಬಣ್ಣದ್ದೊಂದನ್ನು ಹಿಡಿದುಕೊಂಡು ಬಸ್ಸಿಳಿದು ಬಂದ. ಅಕ್ಕನ ಫೋನು ಕೆಟ್ಟಿದೆ ಅಂತ ಅವ್ವನ ಬಾಯಿಂದ ಅವನಿಗೆ ಗೊತ್ತಾಗಿತ್ತಂತೆ. ಎರಡೂ ಬೇರೆ ಬೇರೆ ಕಂಪನಿಯವು, ಬೆಲೆ ಹೆಚ್ಚುಕಮ್ಮಿ ಒಂದೇ. ಕಂಪನಿಗಳ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಓದುವವರ ಮನೆಯಲ್ಲೂ ಇದೇ ರಾಮಾಯಣ ಶುರುವಾಗುತ್ತದೆ. ಊಟಕ್ಕೆ ಕೂತಾಗ ಇಬ್ಬರೂ ಸೇರಿ ಒಂದು ಕರಾರು ಮಾಡಿಕೊಂಡರು. ಎರಡು ತಿಂಗಳು ನಾನು ಎರಡನ್ನೂ ಬಳಸಬೇಕು. ಯಾವುದು ಬಾಳಿಕೆ ಬರುವುದೋ ಅದು ನನಗೆ. ಸೋತದ್ದನ್ನು ತಂದವರೇ ಇಟ್ಟುಕೊಳ್ಳಬೇಕು. ಹಳೆಯ ಫೋನಿನಲ್ಲಿದ್ದ ಎರಡು ಸಿಮ್ ಕಾರ್ಡು ಬಿಚ್ಚಿ ಒಂದೊಂದಕ್ಕೆ ಒಂದೊಂದು ಹಾಕಿಯೂ ಆಯಿತು. ನಿನಗೇನು ಬೇಕು ಅಂತ ಯಾರಾದರೂ ಕೇಳಿದರೇ? ಉಹೂಂ. ನಾನು ರೊಟ್ಟಿ ಬಡಿಸುತ್ತಿದ್ದೆ.

ಕೇಳಿದ್ದರೆ ಹೇಳುತ್ತಿದ್ದೆ. ನನಗೆ ಫೋನು ಬೇಕಾಗಿದ್ದುದು ಸೀರೆಗೆ. ಎಂಟು ವರ್ಷದಿಂದ ನಾನು ಚಳ್ಳಕೆರೆಯ ಮನೆಗಳಿಂದ ಮೊಳಕಾಲ್ಮುರು ರೇಷ್ಮೆ ಸೀರೆಗೆ ಆರ್ಡರು ಹಿಡಿದು ನನ್ನ ತವರಿನ ಓಣಿಯ ಒಬ್ಬರಿಂದ ನೇಯಿಸಿಕೊಡುತ್ತೇನೆ. ಅವರಿಗೆ ಅರವತ್ತು ದಾಟಿದೆ. ಮನೆಮಾತು ತೆಲುಗು, ಓಣಿಯವರೆಲ್ಲ ಕರೆಯುವ ಹಾಗೆ ನಾನೂ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಅಂತಲೇ ಕರೆಯುವುದು. ಮೊದಲು ಅವರು ಒಬ್ಬ ಸಾಹುಕಾರರಿಗೆ ಕೂಲಿಗೆ ನೇಯುತ್ತಿದ್ದರು. ನನ್ನ ಮಾತು ನಂಬಿ ಅದನ್ನು ಬಿಟ್ಟು, ಸ್ವಂತ ರೇಷ್ಮೆ ತಂದು, ಸ್ವಂತ ಬಣ್ಣ ಹಾಕಿಸಿ ನೇಯಲು ಶುರುಮಾಡಿದರು. ಒಂದು ಸೀರೆ ಅಂದರೆ ಅವರಿಗೂ ಅವರ ಸೊಸೆಗೂ ಹತ್ತಿರಹತ್ತಿರ ಒಂದು ತಿಂಗಳ ದುಡಿಮೆ. ಬಣ್ಣ ತಪ್ಪಿತು ಅಂತ ಅದು ವಾಪಸು ಬಂದರೆ ಆ ಒಂದು ತಿಂಗಳು ನೀರಿನಲ್ಲಿ ಹೋದ ಹಾಗೆ.

ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಬಣ್ಣದ ಹೆಸರನ್ನು ನಂಬುವುದಿಲ್ಲ. ಬದನೆಕಾಯಿ ಬಣ್ಣ ಅಂದರೆ ಒಬ್ಬರಿಗೆ ಗುಂಡುಬದನೆಯ ನೇರಳೆ, ಇನ್ನೊಬ್ಬರಿಗೆ ಹಸಿರು ಬದನೆ; ಆ ಹೆಸರು ಹಿಡಿದು ನೇಯಿಸಿದರೆ ಕಥೆ ಮುಗಿದಂತೆ. ಗಿರಾಕಿಯ ಮನೆಯಲ್ಲಿ ಆ ಬಣ್ಣದ ಬಟ್ಟೆ ಯಾವುದಿದ್ದರೂ ಅದರ ತುದಿಯಿಂದ ಬೆರಳುದ್ದದ ಒಂದು ಎಳೆ ಜಗ್ಗಿ, ಚೀಟಿಗೆ ಸುತ್ತಿ, ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ, ನಾನೇ ಒಯ್ಯುತ್ತಿದ್ದೆ, ಇಲ್ಲವೇ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೆ. ಪೆದ್ದಮ್ಮ ಆ ಎಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಬಣ್ಣ ಹಾಕುವವನ ಮುಂದೆ ಕೂತು, ತಾಳೆ ನೋಡಿಯೇ ರೇಷ್ಮೆ ಅದ್ದಿಸುತ್ತಿದ್ದರು. ಎಂಟು ವರ್ಷದಲ್ಲಿ ಒಂದು ಸೀರೆಯೂ ವಾಪಸು ಬಂದಿರಲಿಲ್ಲ.

ಇರಲಿ, ಪರೀಕ್ಷೆಗೆ ಬರುತ್ತೇನೆ. ಮೊದಲ ದಿನವೇ ನಮ್ಮ ಮನೆಯವರು ನೀಲಿ ಫೋನಿನ ಸೊಕ್ಕು ಮುರಿಯಬೇಕೆಂದು ಅದನ್ನು ಮಂಡಿಗೆ ಒಯ್ದು ಶೇಂಗಾ ಚೀಲದ ಮೇಲಿಂದ ಬೀಳಿಸಿದರು. ಕೈಜಾರಿ ಬಿತ್ತು ಅಂತ ನನ್ನ ಮುಂದೆ ಹೇಳಿದರು, ಆದರೆ ಮೂರು ಸಲ ಕೈಜಾರುವುದು ಹೇಗೆ? ನೀಲಿಗೆ ಏನೂ ಆಗಲಿಲ್ಲ. ಸುದ್ದಿ ಕೇಳಿದ ತಮ್ಮ ಮುಂದಿನ ವಾರ ಬಂದವನೇ ಕರಿ ಫೋನನ್ನು ನಮ್ಮ ಅಂಗಳದ ಕಟ್ಟೆಯ ಮೇಲಿಂದ ಕಡಪಾ ಕಲ್ಲಿನ ಮೇಲೆ ಬಿಟ್ಟ. ಅದರ ಮೂಲೆ ಒಂದಿಷ್ಟು ಜಜ್ಜಿತು, ಗಾಜು ಒಡೆಯಲಿಲ್ಲ. ಮೂಲೆ ಜಜ್ಜಿದ್ದು ಸೋಲೋ ಅಲ್ಲವೋ ಅಂತ ಇಬ್ಬರೂ ಎರಡು ಗಂಟೆ ವಾದ ಮಾಡಿದರು. ಮನೆಗೆ ಬಂದ ಹೊಸ ವಸ್ತುವನ್ನು ಎರಡೇ ವಾರದಲ್ಲಿ ಹೀಗೆ ಎತ್ತಿ ಎತ್ತಿ ಒಗೆಯುವ ಗಂಡಸರನ್ನು ಏನನ್ನಬೇಕು ನೀವೇ ಹೇಳಿ.

ನಿಜವಾದ ಬಾಳಿಕೆ ಗೊತ್ತಾದದ್ದು ದಿನದ ಕೆಲಸದಲ್ಲಿ, ಅದನ್ನು ನೋಡಿದವಳು ನಾನೊಬ್ಬಳೇ. ಶೇಂಗಾ ಹೊಟ್ಟಿನ ಧೂಳು ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಯನ್ನೂ ಬಿಟ್ಟಿಲ್ಲ. ಕರಿ ಫೋನಿನ ಚಾರ್ಜರು ಚುಚ್ಚುವ ತೂತಿಗೆ ಅದು ನಾಲ್ಕು ದಿನಕ್ಕೊಮ್ಮೆ ತುಂಬಿಕೊಳ್ಳುತ್ತಿತ್ತು. ಕಸಬರಿಗೆ ಕಡ್ಡಿಯ ತುದಿ ಚೂಪು ಮಾಡಿಕೊಂಡು ಕಿವಿಯ ಗುಗ್ಗೆ ತೆಗೆದ ಹಾಗೆ ತೆಗೆಯಬೇಕು. ನೀಲಿಗೆ ಆ ಕಾಟ ಇರಲಿಲ್ಲ. ಆದರೆ ಅದನ್ನು ತಮ್ಮನ ಅಂಗಡಿಯಲ್ಲಿ ಒಂದು ಗಳಿಗೆ ಇಟ್ಟರೆ ಸಾಕು, ಮೋಟಾರು ಉಜ್ಜಿದ ಕಬ್ಬಿಣದ ಪುಡಿಯೆಲ್ಲ ಬಂದು ಅದರ ಸ್ಪೀಕರಿಗೆ ಅಂಟಿಕೊಂಡು ಮಾತು ಗೊರಗೊರ ಅನ್ನುತ್ತಿತ್ತು. ಬೆರಳು ಒತ್ತಿದರೆ ಬೀಗ ತೆರೆಯುತ್ತದೆ ಅಂತ ಎರಡಕ್ಕೂ ಹೊಗಳಿಕೆ. ಒಗ್ಗರಣೆ ಹಾಕಿದ ಎಣ್ಣೆಗೈ ಕಂಡರೆ ಎರಡಕ್ಕೂ ನಾನು ಯಾರೋ ಪರದೇಶಿ. ಮುಖ ತೋರಿಸಿದರೆ ಸಾಕು ಅಂದರು. ಬಿಸಿಲಿಗೆ ಸೆರಗು ತಲೆ ಮೇಲೆ ಹೊದ್ದರೆ ಕರಿಯದು ಗುರುತು ಹಿಡಿಯುವುದಿಲ್ಲ, ಬೆವರಿದ್ದರೆ ನೀಲಿಯದು ಹಿಡಿಯುವುದಿಲ್ಲ. ಚಳ್ಳಕೆರೆಯಲ್ಲಿ ಬೆವರಿಲ್ಲದ, ಸೆರಗು ಹೊದೆಯದ ಮುಖ ಬೇಸಿಗೆಯಲ್ಲಿ ಎಲ್ಲಿಂದ ತರಲಿ?

ಬಿಸಿಲಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಮಧ್ಯಾಹ್ನದ ಹೊತ್ತು ಕರಿ ಫೋನು, ನನಗೆ ಸೆಕೆ ಆಗುತ್ತಿದೆ, ಸ್ವಲ್ಪ ತಣ್ಣಗಾಗಬೇಕು ಅಂತ ಬರೆದು ತೋರಿಸಿ ಬಾಯಿ ಮುಚ್ಚಿಬಿಡುತ್ತಿತ್ತು. ಎಲಾ ಇದರ! ನಾನು ಒಲೆ ಮುಂದೆ ನಿಂತಿದ್ದೇನೆ, ಇದಕ್ಕೆ ಸೆಕೆಯಂತೆ. ಕೊನೆಗೆ ಅದನ್ನು ಒದ್ದೆ ಬಟ್ಟೆ ಸುತ್ತಿದ ನೀರಿನ ಮಡಕೆಯ ಪಕ್ಕ ಕೂರಿಸಿ ತಣಿಸುವುದನ್ನು ರೂಢಿ ಮಾಡಿಕೊಂಡೆ. ನೀಲಿ ಬಿಸಿಲು ತಡೆಯುತ್ತಿತ್ತು, ಆದರೆ ಮೊಳಕಾಲ್ಮುರಿಗೆ ಹೋದರೆ ಸಾಕು, ಅದು ಗಡಿಯಾಚೆಯ ಆಂಧ್ರದ ಟವರ್ ಹಿಡಿದು ತೆಲುಗಿನಲ್ಲಿ ಸ್ವಾಗತ ಕೋರುತ್ತಿತ್ತು. ಕನ್ನಡದ ಕರೆ ಬರಬೇಕೆಂದರೆ ಅವ್ವನ ಮನೆಯ ಮೆಟ್ಟಿಲ ಮೇಲೆ ಕೂರಬೇಕು. ಇಬ್ಬರು ಗಂಡಸರಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಬೀಳಿಸುವುದು ಮುಗಿದ ಮೇಲೆ ಅವರ ಗಮನವೆಲ್ಲ ಒಂದೇ ಕಡೆ ಬಂದು ನಿಂತಿತ್ತು: ಚಾರ್ಜು ಯಾವುದರದು ಹೆಚ್ಚು ಹೊತ್ತು ಉಳಿಯುತ್ತದೆ?

ಇಂಥ ಹೊತ್ತಿನಲ್ಲೇ ಎಣ್ಣೆ ಮಿಲ್ಲಿನವರ ಮನೆಯ ಅಕ್ಕ ನನ್ನನ್ನು ಕರೆಸಿದರು. ಅವರ ಮಗಳ ಮದುವೆ ನಿಶ್ಚಯವಾಗಿತ್ತು. ಅವರು ಪೆಟ್ಟಿಗೆಯಿಂದ ಒಂದು ಹಳೆಯ ಸೀರೆ ತೆಗೆದು ನನ್ನ ತೊಡೆಯ ಮೇಲಿಟ್ಟರು. ತೀರಿಕೊಂಡ ಅವರ ಅವ್ವ ತಮ್ಮ ಧಾರೆಗೆ ಉಟ್ಟ ಸೀರೆ. ಗುಂಡುಬದನೆಯ ನೇರಳೆ, ಬೆಳಕಿಗೆ ಹಿಡಿದರೆ ಒಳಗೆ ಒಂದು ನೀಲಿ ಮಿಂಚು. ಮಡಿಕೆಗಳಲ್ಲೆಲ್ಲ ಹರಿದಿತ್ತು, ಉಡುವ ಹಾಗಿರಲಿಲ್ಲ. ಮೊಮ್ಮಗಳು ಧಾರೆಗೆ ಇದೇ ಬಣ್ಣ ಉಡಬೇಕು, ಬೇರೆ ಬಣ್ಣವಾದರೆ ತಮಗೆ ಬೇಡವೇ ಬೇಡ ಅಂತ ಅವರು ಮೊದಲೇ ಬಿಚ್ಚಿ ಹೇಳಿದರು. ನಾನು ಆ ಸೀರೆಯ ಮೇಲೆ ಎಷ್ಟೋ ಹೊತ್ತು ಕೈಯಾಡಿಸಿದೆ. ಅಂಥ ಬಣ್ಣವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಅವರೇ ಕತ್ತರಿ ತಂದಿಟ್ಟು, ಹೇಗೂ ಹರಿದಿದೆ, ಎಳೆ ಜಗ್ಗಿಕೋ ಅಂದರು. ನಾನು ಏನು ಮಾಡಿದೆ ಗೊತ್ತೇ? ಬೇಡಕ್ಕ, ಪಾಪ ಅವ್ವನ ಸೀರೆ, ಅದಕ್ಕೇಕೆ ಕತ್ತರಿ, ಈಗ ನನ್ನ ಹತ್ತಿರ ಒಳ್ಳೆ ಕ್ಯಾಮೆರಾದ ಫೋನು ಬಂದಿದೆ ಅಂತ ಜಂಬ ಕೊಚ್ಚಿದೆ. ಕಿಟಕಿಯ ಬೆಳಕಿಗೆ ಸೀರೆ ಹರಡಿ ಕರಿ ಫೋನಿನಲ್ಲಿ ಫೋಟೋ ಹೊಡೆದು, ಇರಲಿ ಅಂತ ನೀಲಿಗೂ ಕಳಿಸಿಕೊಂಡೆ. ಎಂಟು ವರ್ಷದ ಪದ್ಧತಿಯನ್ನು ಎಂಟು ನಿಮಿಷದಲ್ಲಿ ಮುಗಿಸಿ ಎದ್ದು ಬಂದೆ.

ಎರಡು ದಿನ ಬಿಟ್ಟು ಮೊಳಕಾಲ್ಮುರಿನ ಬಸ್ಸು ಹತ್ತಿದೆ. ಆವತ್ತು ಚಾರ್ಜಿನ ಕೊನೆಯ ಪಂದ್ಯವಂತೆ: ಬೆಳಿಗ್ಗೆ ಎರಡನ್ನೂ ಪೂರ್ತಿ ತುಂಬಿಸಿ ಹೊರಟರೆ ಸಂಜೆ ಯಾವುದರಲ್ಲಿ ಎಷ್ಟು ಉಳಿದಿದೆ ನೋಡುವುದು. ತಳಕು ದಾಟುವಷ್ಟರಲ್ಲಿ ನಮ್ಮ ಮನೆಯವರು ಕರಿ ಫೋನಿಗೆ ಮೂರು ಸಲ ಕರೆ ಮಾಡಿ ಎಷ್ಟಿದೆ, ಎಷ್ಟಿದೆ ಅಂತ ಕೇಳಿದರು. ನೀವು ಹೀಗೆ ಕೇಳುತ್ತಲೇ ಇದ್ದರೆ ಇದ್ದದ್ದೂ ಮುಗಿಯುತ್ತದೆ ಅಂದೆ. ಹಾನಗಲ್ ಕ್ರಾಸಿನಲ್ಲಿ ಮತ್ತೆ ಎರಡು ಸಲ. ನನ್ನ ತಲೆ ಚಿಟ್ಟು ಹಿಡಿದುಹೋಯಿತು. ಮೊಳಕಾಲ್ಮುರಿನ ಬಸ್ ಸ್ಟ್ಯಾಂಡಿಗೆ ಬೈಕು ತಂದಿದ್ದ ತಮ್ಮ, ಹೇಗಿದ್ದೀಯಕ್ಕ ಅಂತಲೂ ಕೇಳದೆ ನೀಲಿ ಫೋನನ್ನು ಕೈಯಿಂದ ಕಿತ್ತುಕೊಂಡ. ಏನೇನೋ ಒತ್ತಿ ಒತ್ತಿ ವಾಪಸು ಕೊಡುತ್ತ, ಚಾರ್ಜು ಉಳಿಸುವ ಉಪಾಯ ಎಲ್ಲ ಹಾಕಿದ್ದೇನೆ, ಇನ್ನು ಬಾವ ಗೆಲ್ಲಲಿ ನೋಡೋಣ ಅಂದ. ನಾನು ನೋಡಲೂ ಇಲ್ಲ, ಚೀಲಕ್ಕೆ ಹಾಕಿಕೊಂಡೆ.

ಪೆದ್ದಮ್ಮನ ಮನೆಯಲ್ಲಿ ಮಗ್ಗ ಇರುವುದು ನೆಲದ ಗುಂಡಿಯಲ್ಲಿ. ಅವರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಬೆಂಕಿಪೊಟ್ಟಣಕ್ಕೆ ಕೈ ಚಾಚಿದರು. ಈ ಸಲ ಎಳೆ ಇಲ್ಲ ಪೆದ್ದಮ್ಮ, ಫೋಟೋ ಇದೆ ಅಂದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡರು. ಕರಿ ಫೋನು ತೆಗೆದರೆ ಅದು ಸತ್ತು ಮಲಗಿತ್ತು; ಬಸ್ಸಿನ ಸೆಕೆಯಲ್ಲಿ ಎಷ್ಟಿದೆ ಎಷ್ಟಿದೆ ಅಂತ ಕೇಳಿ ಕೇಳಿಯೇ ಅದರ ಜೀವ ತೆಗೆದಿದ್ದರು. ನೀಲಿಯಲ್ಲಿ ಫೋಟೋ ತೆರೆದು ಅವರ ಕೈಗೆ ಕೊಟ್ಟೆ. ಅಷ್ಟರಲ್ಲಿ ಕರಿ ಫೋನು ಸತ್ತ ಸುದ್ದಿಯನ್ನು ತಮ್ಮ ಹೊಸಿಲ ಹೊರಗೆ ನಿಂತು ತನ್ನ ಫೋನಿನಿಂದ ಬಾವನಿಗೆ ಮುಟ್ಟಿಸುತ್ತಿದ್ದ, ಅದೂ ಸ್ಪೀಕರಿಗೆ ಹಾಕಿಕೊಂಡು. ಆ ಕಡೆಯಿಂದ ಇವರು ಅದು ಮೋಸ, ಲೆಕ್ಕಕ್ಕಿಲ್ಲ ಅಂತ ಕೂಗುತ್ತಿದ್ದರು. ಓಣಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ನನಗೆ ನಾಚಿಕೆಯಿಂದ ನೆಲಕ್ಕಿಳಿದು ಹೋಗುವಂತಾಯಿತು. ನಾನು ಹೊಸಿಲ ಕಡೆ ತಿರುಗಿ, ಸಾಕು ಮಾಡ್ರೋ ಅಂತ ಗದರುತ್ತಿದ್ದೆ.

"ಅಮ್ಮಾಯಿ, ಇದೇನಾ ಬಣ್ಣ?" ಅಂತ ಪೆದ್ದಮ್ಮ ಹಿಂದಿನಿಂದ ಕೇಳಿದರು.

"ಹೂಂ, ಅದೇ," ಅಂದೆ, ತಿರುಗಿ ನೋಡದೆ.

ಮಗ್ಗದ ಮೇಲಿರುವ ಸೀರೆಯನ್ನು ಪೆದ್ದಮ್ಮ ಯಾರಿಗೂ ತೋರಿಸುವುದಿಲ್ಲ, ಕಣ್ಣು ತಾಗುತ್ತದೆ ಅಂತ. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಸಣ್ಣ ಫೋನು. ಹಾಗಾಗಿ ನಡುವೆ ಏನೂ ತಿಳಿಯಲಿಲ್ಲ. ತಿಂಗಳು ತುಂಬುವ ಹೊತ್ತಿಗೆ, ಮಗ್ಗದಿಂದ ಸೀರೆ ಇಳಿಸಿದ್ದೇನೆ ಬಾ ಅಂತ ಕರೆ ಬಂತು. ಮದುವೆಗೆ ಇನ್ನು ಹನ್ನೊಂದು ದಿನ ಇತ್ತು. ಎಣ್ಣೆ ಮಿಲ್ಲಿನ ಅಕ್ಕ ರವಿಕೆ ಹೊಲಿಯುವವಳನ್ನು ಗೊತ್ತುಮಾಡಿಕೊಂಡು ಕಾಯುತ್ತಿದ್ದರು. ಆವತ್ತೂ ತಮ್ಮ ಬೈಕಿನಲ್ಲಿ ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತ. ಪೆದ್ದಮ್ಮ ಬಿಳಿ ಬಟ್ಟೆಯ ಗಂಟು ಬಿಚ್ಚಿ, ಚಾಪೆಯ ಮೇಲೆ ಸೀರೆ ಹಾಸಿದರು.

ಈರುಳ್ಳಿ ಸಿಪ್ಪೆಯ ಬಣ್ಣ. ಮಾಸಲು ಕೆಂಪು, ಅದರೊಳಗೆ ಒಂದಿಷ್ಟು ಕಂದು. ಅಂಚು ಎಷ್ಟು ನಯವಾಗಿ ಕೂಡಿತ್ತೆಂದರೆ ಸೇರಿಸಿದ ಜಾಗ ಬೆರಳಿಗೆ ಸಿಗುತ್ತಿರಲಿಲ್ಲ. ಪೆದ್ದಮ್ಮ ಅಷ್ಟು ಚೆಂದದ ಸೆರಗು ನೇಯ್ದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಇದಲ್ಲ ಪೆದ್ದಮ್ಮ. ಇದಲ್ಲ ಬಣ್ಣ," ಅಂದೆ.

ಅವರ ಸೊಸೆ ಅಡುಗೆಮನೆಯಿಂದ ಬಂದು ಗೋಡೆ ಹಿಡಿದು ನಿಂತಳು. ಪೆದ್ದಮ್ಮ ಫೋಟೋ ತೋರಿಸು ಅಂದರು. ಆವತ್ತು ಎರಡು ಫೋನಿಗೂ ಚಾರ್ಜಿತ್ತು. ಎರಡನ್ನೂ ಚಾಪೆಯ ಮೇಲೆ, ಸೀರೆಯ ಪಕ್ಕ ಇಟ್ಟೆ. ಒಂದೇ ಫೋಟೋ. ನೀಲಿಯಲ್ಲಿ ಸೀರೆ ಈರುಳ್ಳಿ ಸಿಪ್ಪೆ. ಪೆದ್ದಮ್ಮ ನೇಯ್ದದ್ದು ಅದನ್ನೇ, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಕರಿಯದರಲ್ಲಿ ಅದು ಹೊಳೆಹೊಳೆಯುವ ನೇರಳೆ, ನಿಜಕ್ಕಿಂತ ಎರಡು ಪಾಲು ಮಿಂಚು.

ತಮ್ಮ ಬಗ್ಗಿ ನೋಡಿ ನೀಲಿ ಫೋನು ಎತ್ತಿಕೊಂಡ. ಏನೋ ಒಂದು ಒತ್ತಿದ, ಪರದೆಯ ಮೇಲಿದ್ದ ಹಳದಿ ಛಾಯೆ ಸರಿಯಿತು, ಸೀರೆ ನೇರಳೆಗೆ ತಿರುಗಿತು. ಕಣ್ಣಿಗೆ ತಂಪು ಮಾಡುವ ಗುಂಡಿಯಂತೆ ಅದು. ಆವತ್ತು ಬಸ್ ಸ್ಟ್ಯಾಂಡಿನಲ್ಲಿ ಚಾರ್ಜು ಉಳಿಯಲಿ ಅಂತ ಸಿಕ್ಕಿದ್ದನ್ನೆಲ್ಲ ಒತ್ತಿದ್ದನಲ್ಲ, ಅದರಲ್ಲಿ ಇದೂ ಒಂದು. ಒಂದು ತಿಂಗಳಿಂದ ಆ ಫೋನು ಹಾಗೇ ಇತ್ತು. ನಾನು ಅದನ್ನು ಕರೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಳಸಿರಲಿಲ್ಲ.

"ಇದು ಫೋನಿನ ತಪ್ಪಲ್ಲ ಅಕ್ಕ. ಈಗ ನೋಡು, ಸರಿಯಾಗೈತೆ," ಅಂದ ಅವನು.

ನನಗೆ ಎಲ್ಲಿತ್ತೋ ಸಿಟ್ಟು. ಲೇ, ನಿನ್ನ ಚಾರ್ಜಿಗಿಷ್ಟು ಬೆಂಕಿ ಹಾಕ ಅಂತ ಶುರುಮಾಡಿದೆ. ಅವನನ್ನು ಬೈದೆ. ಅಲ್ಲಿ ಇಲ್ಲದ ಗಂಡನನ್ನು ಬೈದೆ; ಎಷ್ಟಿದೆ ಎಷ್ಟಿದೆ ಅಂತ ಕರಿ ಫೋನಿನ ಪ್ರಾಣ ತೆಗೆಯದಿದ್ದರೆ ಇದು ಆಗುತ್ತಲೇ ಇರಲಿಲ್ಲ ಅಂದೆ. ಎರಡು ಕಂಪನಿಗಳನ್ನೂ ಬೈದೆ. ಕಲ್ಲಿಗೆ ಬಿದ್ದರೆ ಒಡೆಯುವುದಿಲ್ಲವಂತೆ, ಬಿಸಿಲಿಗೆ ಬಾಡುವುದಿಲ್ಲವಂತೆ, ಒಂದು ಸೀರೆಯ ಬಣ್ಣ ಇದ್ದ ಹಾಗೆ ತೋರಿಸುವ ಯೋಗ್ಯತೆ ಇಲ್ಲ, ಥೂ ಅಂದೆ. ಬಾಯಿ ನೋಯುವ ತನಕ ಅಂದೆ. ತಮ್ಮ ತಲೆ ತಗ್ಗಿಸಿ ನಿಂತಿದ್ದ. ಸೊಸೆ ಸದ್ದಿಲ್ಲದೆ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹನ್ನೊಂದು ದಿನದಲ್ಲಿ ರೇಷ್ಮೆ ಅದ್ದಿಸಿ ಇನ್ನೊಂದು ಸೀರೆ ನೇಯುವುದು ಆಗದ ಮಾತು ಅಂತ ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪೆದ್ದಮ್ಮ ನನ್ನ ಬೈಗುಳ ಮುಗಿಯುವವರೆಗೂ ಕಾದರು. ಅಷ್ಟು ಹೊತ್ತೂ ಅವರ ಕೈ ಸೀರೆಯನ್ನು ಮಡಿಸುತ್ತಿತ್ತು, ಅಂಚಿಗೆ ಅಂಚು ಕೂಡಿಸಿ, ಮೆಲ್ಲಗೆ. ಅದನ್ನು ಬಿಳಿ ಬಟ್ಟೆಯಲ್ಲಿಟ್ಟು ಮತ್ತೆ ಗಂಟು ಹಾಕಿದರು. ಎರಡು ಫೋನನ್ನೂ ಒಂದರ ಮೇಲೊಂದಿಟ್ಟು ನನ್ನ ಕಡೆ ಸರಿಸಿದರು.

"ಎರಡರಾಗೆ ಯಾವುದು ನಿಜ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು ಅಮ್ಮಾಯಿ," ಅಂದರು. "ಆ ಸೀರೆ ನೋಡ್ದೋಳು ನೀನು. ಆವತ್ತು ನಾನು ಫೋನನ್ನ ಕೇಳ್ಲಿಲ್ಲ. ನಿನ್ನ ಕೇಳ್ದೆ."

ಅಷ್ಟರಲ್ಲಿ ಚಾಪೆಯ ಮೇಲಿದ್ದ ಕರಿ ಫೋನು ಬಡಿದುಕೊಳ್ಳತೊಡಗಿತು. ನಮ್ಮ ಮನೆಯವರು, ಚಾರ್ಜು ಎಷ್ಟಿದೆ ಅಂತ ಕೇಳಲಿಕ್ಕೇ ಇರಬೇಕು. ಯಾರೂ ಎತ್ತಲಿಲ್ಲ. ಪೆದ್ದಮ್ಮ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು, ಸಿಟ್ಟಿಲ್ಲದೆ, ಏನಾದರೂ ಹೇಳುತ್ತೇನೇನೋ ಅಂತ. ಅಲ್ಲಿಯ ತನಕ ಊರಿನವರನ್ನೆಲ್ಲ ಬೈದಿದ್ದ ನನ್ನ ಬಾಯಿಂದ ಆಗ ಒಂದು ಹೂಂ ಕೂಡ ಹೊರಡಲಿಲ್ಲ.